ಕೊಕ್ಕೆ ಸಾಹೇಬರ ನಿಯೋಜನೆ

ಸೇತುವೆಯಾಚೆಯ ಜಿಲ್ಲೆ ಏಳಿಗೆ ಹೊಂದುತ್ತಿರುವುದರಿಂದ ಈಚೆಯ ಜಿಲ್ಲೆಗೆ ಅವಮಾನವಾಗುತ್ತಿದೆ ಎಂಬುದನ್ನು ಜಿಲ್ಲಾ ಸ್ಪರ್ಧಾತ್ಮಕತಾ ಸಮಿತಿಯು ಸರ್ವಾನುಮತದಿಂದ ಒಪ್ಪಿತು. "ನಾವು ಮೇಲೇರುವುದಕ್ಕೆ ರಸ್ತೆ ಬೇಕು, ವಿದ್ಯುತ್ ಬೇಕು, ಬುದ್ಧಿಯೂ ಬೇಕಾಗಬಹುದು. ಅವರು ಕೆಳಗಿಳಿಯುವುದಕ್ಕೆ ಒಬ್ಬ ಸಮರ್ಥ ಅಧಿಕಾರಿ ಸಾಕು," ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಎಲ್ಲರ ಕಣ್ಣೂ ಪರವಾನಗಿ ವಿಭಾಗದ ಕೊಕ್ಕೆ ಸಾಹೇಬರ ಮೇಲೆ ಬಿತ್ತು. ಅವರ ಮೇಜಿನಿಂದ ಒಂದೇ ಒಂದು ಅರ್ಜಿಯೂ ಕೊಕ್ಕೆಯಿಲ್ಲದೆ ದಾಟಿದ್ದಿಲ್ಲ.

"ಅಲ್ಲಿ ಅರ್ಜಿ ಕೊಟ್ಟ ದಿನವೇ ಪರವಾನಗಿ ಸಿಗುತ್ತಂತೆ ಕಣ್ರೀ," ಎಂದರು ಅಧ್ಯಕ್ಷರು.

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ! ಜನ ಹೇಗೆ ಸಹಿಸ್ಕೊಂಡಿದಾರೆ ಸಾರ್?"

ಹೀಗೆ 'ಅನುಭವ ಹಂಚಿಕೆ' ಯೋಜನೆಯಡಿ ಅವರನ್ನು ಆಚೆಗೆ ನಿಯೋಜಿಸಲಾಯಿತು. ಹೊರಡುವಾಗ ಹೆಂಡತಿ, "ರೀ, ನನ್ನ ತಮ್ಮ ಅಲ್ಲೇ ಬಿಸ್ಕತ್ ಕಾರ್ಖಾನೇಲಿರೋದು, ಸ್ವಲ್ಪ ನೋಡ್ಕೊಳ್ಳಿ," ಎಂದಳು. ಸಾಹೇಬರು ಮೊದಲು ಅದನ್ನೇ ನೋಡಿಕೊಂಡರು.

"ಬಿಸ್ಕತ್ತಿನಲ್ಲಿ ತೂತುಗಳಿವೆ. ಮಂಜೂರಾದ ನಕ್ಷೆಯಲ್ಲಿ ತೋರಿಸಿಲ್ಲ."

"ಬಿಸ್ಕತ್ತಿಗೆ ನಕ್ಷೆ ಎಲ್ಲಿರುತ್ತೆ ಸಾರ್?" ಎಂದ ಮ್ಯಾನೇಜರ್.

"ನಕ್ಷೆಯೇ ಇಲ್ಲ! ಅದು ಎರಡನೇ ಕೊಕ್ಕೆ."

ಕಾರ್ಖಾನೆ ಮುಚ್ಚಿತು. ಅದನ್ನು ನೆಚ್ಚಿಕೊಂಡಿದ್ದ ರಟ್ಟಿನ ಡಬ್ಬದವರು, ಲಾರಿಯವರು ಒಬ್ಬರ ಹಿಂದೊಬ್ಬರು ಬಾಗಿಲೆಳೆದರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಅರ್ಧ ಜನ ಈಚೆಯವರೇ ಆದ್ದರಿಂದ ಈಚೆಯ ದಿನಸಿ ಅಂಗಡಿ, ದರ್ಜಿ ಅಂಗಡಿಗಳಿಗೂ ಬೀಗ ಬಿತ್ತು. ಭಾವಮೈದುನ ಗಂಟುಮೂಟೆಯೊಂದಿಗೆ ಅಕ್ಕನ ಮನೆಗೆ ಬಂದ.

"ಭಾವ, ಆ ತೂತು ನಿಮಗೇನ್ ಮಾಡಿತ್ತು?"

ಸಾಹೇಬರಿಗೆ ಮರುಕ ಹುಟ್ಟಿತು. ಆದರೆ ದೂರು ಲಿಖಿತ ರೂಪದಲ್ಲಿ ಇಲ್ಲದ ಕಾರಣ ಅದನ್ನು ಪರಿಗಣಿಸಲು ಬರಲಿಲ್ಲ.

ವರ್ಷಾಂತ್ಯಕ್ಕೆ ಜಿಲ್ಲೆಗಳ ಶ್ರೇಯಾಂಕ ಪಟ್ಟಿ ಪ್ರಕಟವಾಯಿತು. ಸಾಹೇಬರಿಗೆ ಸನ್ಮಾನ ಸಭೆ ಏರ್ಪಾಡಾಯಿತು. ಅಧ್ಯಕ್ಷರು ಮೈಕು ಹಿಡಿದು, "ನಮ್ಮ ಜಿಲ್ಲೆಯೂ ಕುಸಿದಿದೆ, ಇಲ್ಲವೆನ್ನುವುದಿಲ್ಲ. ಆದರೆ ಪಕ್ಕದವರಿಗಿಂತ ಒಂದು ಮೆಟ್ಟಿಲು ಮೇಲೆಯೇ ಕುಸಿದಿದೆ!" ಎಂದು ಘೋಷಿಸಿದರು. ಯಾರಿಗೂ ಕೆಲಸವಿರಲಿಲ್ಲವಾದ್ದರಿಂದ ಸಭಾಂಗಣ ಕಿಕ್ಕಿರಿದಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ.

ಭಾವಮೈದುನ ವೇದಿಕೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಭಾವ, ಬೆಟ್ಟದಾಚೆ ಜಿಲ್ಲೇಲಿ ಸೋಪ್ ಕಾರ್ಖಾನೆ ಜೋರಾಗಿ ನಡೀತಿದೆಯಂತೆ. ಅಲ್ಲಿಗೆ ಅರ್ಜಿ ಹಾಕ್ಲಾ?"

"ಬೇಡ ಕಣೋ. ಸೋಮವಾರದಿಂದ ನನ್ನ ಅಲ್ಲಿಗೇ ಹಾಕಿದಾರೆ."

"ಓ, ಹಾಗೋ? ಸರಿ ಬಿಡಿ," ಎಂದು ಅವನು ತನ್ನ ಕುರ್ಚಿಗೆ ಮರಳಿ, ಎಲ್ಲರೊಂದಿಗೆ ಚಪ್ಪಾಳೆ ತಟ್ಟತೊಡಗಿದ.