ಇಲ್ಪೋನ ಎರಡು ಸ್ವಿಚ್ಚು

ಪುಸ್ತಕವನ್ನು ಸುಮ್ಮನೆ ನಂಬಿದ್ದರೆ ಇಲ್ಪೋ ಅಂದು ಪಾಸಾಗಿಬಿಡುತ್ತಿದ್ದ. ಆದರೆ ಕೈಯಾರೆ ಮಾಡಿ ನೋಡದೆ ನಂಬುವುದು ಅವನ ಜಾಯಮಾನವಲ್ಲ. ಮೂರು ಗಂಟೆಗೆ ನೆಟ್‌ವರ್ಕ್ ಪರೀಕ್ಷೆ, ಅದೂ ಕೊನೆಯ ಅವಕಾಶ. ಪಾಸಾದರೆ ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ ಕುರ್ಚಿ, ಇಲ್ಲದಿದ್ದರೆ ಗೋದಾಮಿನ ತಳ್ಳುಗಾಡಿಯೇ ಗತಿ. ಕಳೆದ ಸಲ ಫೇಲಾದಾಗ ಅವನು ವಾಸಿಸುವ ಕಟ್ಟಡದವರೆಲ್ಲ ಸರದಿಯ ಮೇಲೆ ಬಂದು ಸಮಾಧಾನ ಹೇಳಿದ್ದರಿಂದ ಈ ಸಲ ಯಾರಿಗೂ ಸುಳಿವು ಕೊಟ್ಟಿರಲಿಲ್ಲ.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಎರಡು ಸ್ವಿಚ್ ಇಟ್ಟುಕೊಂಡು ಹೋಲಿಸುತ್ತ ಕೂತ. ದೀಪದ ಸ್ವಿಚ್ಚಲ್ಲ, ಒಂದು ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ಹತ್ತು ಕಂಪ್ಯೂಟರಿಗೆ ಹಂಚುವ ಡಬ್ಬಗಳು. ಒಂದೇ ತಂತಿಯ ಎರಡೂ ತುದಿಯನ್ನು ಒಂದೇ ಡಬ್ಬಕ್ಕೆ ಚುಚ್ಚಿದರೆ ಇಡೀ ನೆಟ್ಟು ನಿಂತುಹೋಗುತ್ತದೆ; ಕರಿಯದು ಆ ತಪ್ಪನ್ನು ತಡೆಯುತ್ತದೆ, ಅಗ್ಗದ ಬೂದುಬಣ್ಣದ್ದು ತಡೆಯುವುದಿಲ್ಲ ಎಂದು ಪುಸ್ತಕದಲ್ಲಿತ್ತು. ಇಲ್ಪೋ ಕರಿಯದಕ್ಕೆ ಚುಚ್ಚಿದ. ಏನೂ ಆಗಲಿಲ್ಲ. ಬೂದುಬಣ್ಣದ್ದಕ್ಕೆ ಚುಚ್ಚಿದ. ಅದರ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕತೊಡಗಿದವು. ಅದು ಇಡೀ ಕಟ್ಟಡದ ನೆಟ್ಟಿಗೆ ಸೇರಿಕೊಂಡಿದೆ ಎಂದು ನೆನಪಾಗುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ನನ್ನ ಧಾರಾವಾಹಿ ನಿಂತೋಯ್ತು ಕಣಪ್ಪ. ಅವಳು ಇನ್ನೇನು ಮದುವೆಗೆ ಹೂಂ ಅನ್ನೋಳಿದ್ಲು" ಎಂದಳು ಎದುರುಮನೆಯ ಅಜ್ಜಿ ಔನೆ.

ಅವಳ ಹಿಂದೆ ನಿವಾಸಿಗಳ ಸಂಘದ ಅಧ್ಯಕ್ಷ ತೈಸ್ತೊ. "ಯಾವ ಮಹಡೀಲೂ ನೆಟ್ಟಿಲ್ಲ. ನೀನು ಅದೇನೋ ಓದ್ತಿದ್ಯಲ್ಲ, ಒಂಚೂರು ನೋಡಯ್ಯ."

ನಾನೇ ಮಾಡಿದ್ದು ಎಂಬ ಮಾತು ಇಲ್ಪೋನ ನಾಲಗೆಯ ತುದಿಗೆ ಬಂದು ವಾಪಸ್ಸು ಹೋಯಿತು. "ಇದು ಬಲ್ಲವರು ಮಾಡೋ ಕೆಲಸ, ನೀವು ಹೊರಗಿರಿ" ಎಂದು ಬಾಗಿಲು ಹಾಕಿಕೊಂಡ. ತಂತಿ ಕಿತ್ತ. ನಿಧಾನವಾಗಿ ಒಂದು ಲೋಟ ಕಾಫಿ ಕುಡಿದು, ಹಣೆ ಒರೆಸಿಕೊಳ್ಳುತ್ತ ಹೊರಬಂದ.

"ಬಂತು, ಬಂತು" ಎಂದು ಔನೆ ಫೋನನ್ನು ಎದೆಗೊತ್ತಿಕೊಂಡಳು.

"ಭಲೆ ಕಣೋ. ನಿನ್ನ ಉಪಕಾರ ಮರೆಯೋ ಜನ ಅಲ್ಲ ನಾವು" ಎಂದ ತೈಸ್ತೊ. "ಮಧ್ಯಾಹ್ನ ಸಿಗ್ತೀಯಾ?"

"ಇಲ್ಲ, ಮೂರಕ್ಕೆ ಕೆಳಗೆ ಸೌನಾದಲ್ಲಿರ್ತೀನಿ."

ಅದು ನಿಜವೇ. ಪರೀಕ್ಷೆ ಕಂಪ್ಯೂಟರಿನಲ್ಲಿ, ಕ್ಯಾಮೆರಾದ ಕಣ್ಣೆದುರು. ಕೋಣೆಯಲ್ಲಿ ತಂತಿ, ಪುಸ್ತಕ, ಇನ್ನೊಬ್ಬ ಮನುಷ್ಯ ಯಾವುದೂ ಕಾಣಬಾರದು. ನೆಲಮಾಳಿಗೆಯಲ್ಲಿ ಸೌನಾ, ಅಂದರೆ ಒಲೆ ಕಾಯಿಸಿ ಎಲ್ಲರೂ ಕೂತು ಬೆವರುವ ಬಿಸಿಕೋಣೆ. ಅದರ ಪಕ್ಕದ ಬಟ್ಟೆ ಬದಲಿಸುವ ಕೋಣೆಯಷ್ಟು ಬೋಳು ಜಾಗ ಬೇರೆಲ್ಲಿದೆ?

"ಒಬ್ಬನೇನಾ? ಪಾಪ" ಎಂದಳು ಔನೆ.

ಪರೀಕ್ಷೆ ನೀರು ಕುಡಿದಂತೆ ಸಾಗಿತು. ಕೊನೆಯ ಪ್ರಶ್ನೆ: ಒಂದೇ ತಂತಿಯ ಎರಡೂ ತುದಿ ಚುಚ್ಚಿದರೆ ಈ ಎರಡರಲ್ಲಿ ಯಾವ ಸ್ವಿಚ್ ತಡೆಯುತ್ತದೆ? ಇಲ್ಪೋಗೆ ನಗು ತಡೆಯಲಾಗಲಿಲ್ಲ. ಕೋಣೆ ಏಕೋ ಬಿಸಿಯಾಗುತ್ತಿದೆ ಎಂದುಕೊಳ್ಳುತ್ತ ಉತ್ತರದ ಮೇಲೆ ಬೆರಳಿಡುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಸ್ನಾನದ ನಿಲುವಂಗಿ ತೊಟ್ಟ ಸಂಘದ ಮೂವರು ಒಳಗೆ ಬಂದರು. ಮುಂದೆ ತೈಸ್ತೊ, ಕೈಯಲ್ಲಿ ಸೌನಾದ ಒಲೆಯ ಮೇಲೆ ಸುಡುವುದಕ್ಕೆಂದು ಮಾಂಸದ ಸಾಸೇಜು. "ನಿನಗೋಸ್ಕರ ಮಧ್ಯಾಹ್ನದಿಂದ ಒಲೆ ಕಾಯಿಸಿದೀವಿ. ಕಟ್ಟಡ ಕಾಪಾಡಿದೋನು ಒಬ್ಬನೇ ಬೆವರೋದಾ?" ಎಂದು ನಿಲುವಂಗಿ ಕಳಚಿ, ಕ್ಯಾಮೆರಾದ ಎದುರಿನ ಗೂಟಕ್ಕೆ ತಗುಲಿಹಾಕಿದ.

ಪರದೆ ಕೆಂಪಾಯಿತು. ಕೋಣೆಯಲ್ಲಿ ಪರರು ಕಂಡದ್ದರಿಂದ ಪರೀಕ್ಷೆ ರದ್ದು.

ಬೆಳಿಗ್ಗೆ ನಿಜ ಹೇಳಿದ್ದರೆ ಇವರಲ್ಲೊಬ್ಬರೂ ತಿಂಗಳುಗಟ್ಟಲೆ ತನ್ನ ಹತ್ತಿರ ಸುಳಿಯುತ್ತಿರಲಿಲ್ಲ ಎಂದು ಯೋಚಿಸುತ್ತ ಇಲ್ಪೋ ಕಂಪ್ಯೂಟರು ಮುಚ್ಚಿದ.

"ಮುಖ ಯಾಕೆ ಸಪ್ಪಗಿದೆ? ಒಂದು ಸಂತೋಷದ ಸುದ್ದಿ ಕೇಳು" ಎಂದು ತೈಸ್ತೊ ಅವನ ಬೆನ್ನು ತಟ್ಟಿದ. "ಸಂಘದೋರೆಲ್ಲ ಒಪ್ಪಿದೀವಿ. ಇನ್ಮೇಲೆ ಕಟ್ಟಡದ ನೆಟ್‌ವರ್ಕ್ ವಿಭಾಗ ನಿಂದೇ. ಸಂಬಳ ಒಂದಿಲ್ಲ, ಅಷ್ಟೆ."