ದೂಮಪ್ಪನ ಹೊಟ್ಟೆಯ ಕಲ್ಲುಗಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸಣ್ಣ ಗಾಜಿನ ಬಾಟ್ಲಿ. ಮಣಿಪಾಲದ ದೊಡ್ಡ ಆಸ್ಪತ್ರೆಯಿಂದ ಮನೆಗೆ ಹೊರಡುವ ಬೆಳಿಗ್ಗೆ ನರ್ಸ್ ರೋಸಿ ಅದನ್ನು ತಂದು ದೂಮಪ್ಪನ ಕೈಯಲ್ಲಿಟ್ಟು, "ತೆಗೊಳ್ಳಿ, ನಿಮ್ಮದೇ ಸೊತ್ತು," ಎಂದು ನಕ್ಕಳು.

ಬಾಟ್ಲಿಯೊಳಗೆ ಇದ್ದದ್ದು ಕಲ್ಲುಗಳು. ದೂಮಪ್ಪನ ಹೊಟ್ಟೆ ಕೊಯ್ದು, ಪಿತ್ತಕೋಶವನ್ನೇ ತೆಗೆದು, ಅದರೊಳಗಿನಿಂದ ಡಾಕ್ಟರು ಹೆಕ್ಕಿಟ್ಟ ಕಲ್ಲುಗಳು. ಕೆಲವು ಹುಣಸೆಬೀಜದಷ್ಟು ದೊಡ್ಡವು, ಕೆಲವು ಕಾಳುಮೆಣಸಿನಷ್ಟು. ಬಣ್ಣ ಕಪ್ಪೂ ಅಲ್ಲ, ಹಸುರೂ ಅಲ್ಲ. ಮೈಯೆಲ್ಲ ನುಣ್ಣಗೆ ಮಿರಮಿರ ಮಿಂಚುತ್ತಿತ್ತು.

ದೂಮಪ್ಪ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತೆರೆದ ಬಾಯಿ ಮುಚ್ಚಲಿಲ್ಲ. ಇದೆಲ್ಲ ತನ್ನ ಒಳಗೆ ಆದದ್ದು! ತಾನು ಅಂಗಡಿಯಲ್ಲಿ ಕೂತು ಹಗ್ಗ ಅಳೆಯುವಾಗ, ಉಣ್ಣುವಾಗ, ಗೊರಕೆ ಹೊಡೆಯುವಾಗ, ಒಳಗೆ ಯಾರೋ ಕತ್ತಲಲ್ಲಿ ಕೂತು ಒಂದೊಂದನ್ನೇ ಉಜ್ಜಿ ಉಜ್ಜಿ ಇಷ್ಟು ಚಂದ ಮಾಡಿಟ್ಟಿದ್ದಾರೆ. ಜೀವಮಾನದಲ್ಲಿ ಸ್ವಂತ ಕೈಯಿಂದ ಒಂದು ಮರದ ಮಣೆಯನ್ನೂ ಮಾಡದ ದೂಮಪ್ಪನಿಗೆ ತನ್ನ ಹೊಟ್ಟೆಯ ಮೇಲೆ ಭಕ್ತಿಯೇ ಹುಟ್ಟಿಬಿಟ್ಟಿತು.

ಪಕ್ಕದ ಮಂಚದಲ್ಲಿದ್ದ ವ್ಯಾಲೆಂಟೈನ್ ಕಾರ್ಕಳದವರು, ಕಲ್ಲುಕೋರೆಯ ಯಜಮಾನರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು. "ಕಲ್ಲಿನ ವಿಷಯ ನನಗೆ ಯಾರೂ ಹೇಳಿಕೊಡುವುದು ಬೇಡ ಮಾರಾಯ್ರೆ. ನಮ್ಮ ಕಾರ್ಕಳದ ಕರಿಕಲ್ಲಿಗೂ ಈ ಪಾಲಿಶ್ ಬರುವುದಿಲ್ಲ. ಇದು ಫಸ್ಟ್ ಕ್ಲಾಸ್ ಮಾಲು!" ಎಂದು ಸರ್ಟಿಫಿಕೇಟನ್ನೇ ಕೊಟ್ಟರು.

ಆದರೆ ದೂಮಪ್ಪನಿಗೆ ಬೇಕಾಗಿದ್ದದ್ದು ಮೆಚ್ಚುಗೆ ಅಲ್ಲ, ಸಾಕ್ಷಿ. ಅದಕ್ಕೆ ಕಾರಣ ಉಂಟು.

ಕಾಪುವಿನ ಬಸ್‌ಸ್ಟ್ಯಾಂಡಿನ ಹತ್ತಿರ ದೂಮಪ್ಪನದು ಹಗ್ಗ, ಬಲೆಯ ನೂಲು ಮಾರುವ ಅಂಗಡಿ. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಊರಿನವರೆಲ್ಲ ಸೇರಿ ಮೀನು ಹಿಡಿಯುವ ದೊಡ್ಡ ರಂಪಣಿ ದೋಣಿಯನ್ನು ಕಡಲ ಬದಿಯಿಂದ ತೆಂಗಿನ ಮರಗಳ ಬುಡದ ಚಪ್ಪರಕ್ಕೆ ಎಳೆದು ತರಬೇಕು. ಮನೆಗೊಂದು ಗಂಡಾಳು ಹಗ್ಗಕ್ಕೆ ಕೈ ಹಾಕಲೇಬೇಕು. ಹಿಂದಿನ ದಿನ ಎಲ್ಲರಿಗೂ ಕೋಳಿ ಸುಕ್ಕ, ತೆಂಗಿನಕಾಯಿ ಸುರಿದ ಗಸಿ, ತುಪ್ಪದ ಅನ್ನ. ದೂಮಪ್ಪ ಗಡದ್ದಾಗಿ ಉಣ್ಣುತ್ತಿದ್ದ. ಮರುದಿನ ದೋಣಿ ಎಳೆಯುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ಚಾಪೆಯಲ್ಲಿ ಹೊರಳಾಡುತ್ತಿದ್ದ. ದೋಣಿ ಚಪ್ಪರ ಸೇರಿ, ಎಲ್ಲರೂ ಬೆವರು ಒರೆಸಿಕೊಳ್ಳುವಷ್ಟರಲ್ಲಿ ನೋವು ಮಾಯ!

ಪಾಪ, ನೋವು ನಿಜವಾದದ್ದೇ. ಜಿಡ್ಡು ಒಳಗೆ ಹೋದರೆ ಪಿತ್ತಕೋಶದ ಕಲ್ಲು ಕೆರಳುತ್ತದೆ ಎಂದು ಈಗ ಡಾಕ್ಟರು ಹೇಳಿದರು. ಆಗ ಹೇಳುವವರು ಯಾರು? "ಉಣ್ಣಲಿಕ್ಕೆ ಹೊಟ್ಟೆ ಉಂಟು, ಎಳೆಯಲಿಕ್ಕೆ ಹೊಟ್ಟೆನೋವು," ಎಂದು ಕಡಲ ಕರೆಯ ಊರಿಗೆ ಊರೇ ನಗುತ್ತಿತ್ತು. ನೆರೆಮನೆಯ ಅಕ್ಕು ದೊಡ್ಡಮ್ಮ, "ಅದು ಗ್ಯಾಸು," ಎಂದು ತೀರ್ಪು ಕೊಟ್ಟಾಗಿತ್ತು. ಹೆಂಡತಿಯ ತಮ್ಮ ವಾಸು ಅದೇ ದೋಣಿಯಲ್ಲಿ ಹೋಗುವವನು. "ಭಾವನಿಂದಾಗಿ ನನಗೆ ನಾಲ್ಕು ಜನರ ಎದುರು ತಲೆ ಎತ್ತಲಿಕ್ಕೆ ಆಗುವುದಿಲ್ಲ," ಎಂದು ಅವನು ಅಕ್ಕನ ಹತ್ತಿರ ಅತ್ತದ್ದನ್ನು ದೂಮಪ್ಪ ಸ್ವಂತ ಕಿವಿಯಿಂದ ಕೇಳಿದ್ದ. ಆ ಮಾತು ಡಾಕ್ಟರ ಕತ್ತಿಗಿಂತ ಆಳಕ್ಕೆ ಹೋಗಿತ್ತು.

ಈ ವರ್ಷ ದೋಣಿಯ ಸುದ್ದಿ ಇಲ್ಲದಾಗಲೇ ನೋವು ಬಂತು, ಕಣ್ಣೂ ಹಳದಿಯಾಯಿತು. ವಾಸುವೇ ಹೆದರಿ ಮಣಿಪಾಲಕ್ಕೆ ಸೇರಿಸಿದ. ಈಗ ಹೊಟ್ಟೆಯ ಬಲಕ್ಕೆ ಒಂದು ಗೇಣುದ್ದದ ಹೊಲಿಗೆ, ಕೈಯಲ್ಲಿ ಸಾಕ್ಷಿ. ಅದೃಷ್ಟ ನೋಡಿ, ಮನೆಗೆ ಹೋಗುವ ದಿನವೇ ದೋಣಿ ಎಳೆಯುವ ದಿನ. ಇಡೀ ಊರು ಒಂದೇ ಕಡೆ ಸಿಗುತ್ತದೆ!

"ಕೆಮ್ಮುವಾಗ, ನಗುವಾಗ, ಏಳುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ," ಎಂದು ರೋಸಿ ಹೇಳಿ ಕಳಿಸಿದಳು.

ವಾಸು ಉಡುಪಿಯಲ್ಲಿ ಬಸ್ಸಿನ ಡ್ರೈವರನ ಹಿಂದಿನ ಸೀಟನ್ನು ಜಗಳ ಮಾಡಿ ಹಿಡಿದ. ದೂಮಪ್ಪ ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ಬಾಟ್ಲಿ ಹಿಡಿದು ಕೂತ. ಕಂಡಕ್ಟರ್ ಬೆಂಜಮಿನ್ ಟಿಕೆಟಿಗೆ ಬಂದವನು, "ಅದೆಂತ, ದ್ರಾಕ್ಷೆಯಾ?" ಎಂದು ಕೇಳಿದ. ಅಷ್ಟೇ ಬೇಕಾಗಿತ್ತು.

"ದ್ರಾಕ್ಷೆ ಅಲ್ಲ ಮಾರಾಯ. ನನ್ನ ಹೊಟ್ಟೆಯಲ್ಲಿ ಇದ್ದ ಕಲ್ಲು!"

ಬೆಂಜಮಿನ್ ಟಿಕೆಟ್ ಕೊಡುವುದನ್ನೇ ಮರೆತ. ಬಾಟ್ಲಿ ಅವನ ಕೈಯಿಂದ ಹಿಂದಿನ ಸೀಟಿಗೆ, ಅಲ್ಲಿಂದ ಅದರ ಹಿಂದಿನ ಸೀಟಿಗೆ ಹೋಯಿತು. "ಅಯ್ಯೋ ದೇವರೇ!" "ಇದು ಒಳಗಿದ್ದೂ ಮನುಷ್ಯ ಬದುಕಿದನಾ?" "ಮುಟ್ಟಿ ನೋಡಿ, ತಣ್ಣಗೆ ಉಂಟು!" ದೂಮಪ್ಪ ಪ್ರತಿ ಉದ್ಗಾರಕ್ಕೂ ತಲೆ ಆಡಿಸುತ್ತ, ಮದುಮಗನ ಹಾಗೆ ಕೂತಿದ್ದ. ಕಟಪಾಡಿ ಬಂತು, ಕೆಲವರು ಇಳಿದರು, ಬಸ್ಸು ಹೊರಟಿತು. ಬಾಟ್ಲಿ ಮಾತ್ರ ಹಿಂದಿನಿಂದ ಮುಂದಕ್ಕೆ ಬರಲೇ ಇಲ್ಲ.

"ನನ್ನ ಕಲ್ಲು!" ಎಂದು ದೂಮಪ್ಪ ಕೂಗಿದ. ಕೂಗಿದ ರಭಸಕ್ಕೆ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಬೆಂಜಮಿನ್ ಸೀಟಿ ಊದಿದ. ಬಸ್ಸು ನಿಂತಿತು, ಜನರೆಲ್ಲ ಸೀಟಿನ ಅಡಿಯಲ್ಲಿ ಬಗ್ಗಿದರು. ಯಾರೋ, "ಈಗ ಇಳಿದಳಲ್ಲ, ಆ ಮಟ್ಟುವಿನ ಹೆಂಗಸಿನ ಬುಟ್ಟಿ ನೋಡಿ!" ಎಂದರು. ವಾಸು ಇಳಿದು ಓಡಿದ. ರಸ್ತೆಯ ಬದಿಯಲ್ಲಿ ಆ ಹೆಂಗಸು ಗುಳ್ಳ ಬದನೆಯ ಬುಟ್ಟಿಯನ್ನು ಇಡೀ ಬಸ್ಸಿನ ಎದುರು ಬೋರಲು ಹಾಕಿದಳು. ಬದನೆಗಳು ಉರುಳಿದವು, ಅವುಗಳ ನಡುವೆ ಬಾಟ್ಲಿಯೂ ಉರುಳಿತು. ಯಾರ ಕೈ ಜಾರಿ ಅಲ್ಲಿ ಬಿದ್ದಿತೋ!

"ಇದು ಎಂತದು?" ಎಂದಳು ಆಕೆ. ವಾಸು ಹೇಳಿದ. ಆಕೆ ಬಾಟ್ಲಿಯನ್ನೂ ಬಸ್ಸಿನ ಕಿಟಕಿಯಲ್ಲಿದ್ದ ದೂಮಪ್ಪನ ಮುಖವನ್ನೂ ನೋಡಿ, ಎರಡೂ ಕೈ ಎತ್ತಿ ಮುಗಿದಳು. ನಮಸ್ಕಾರ ಕಲ್ಲಿಗೋ ದೂಮಪ್ಪನಿಗೋ ಗೊತ್ತಾಗಲಿಲ್ಲ. ಅವನು ತನಗೇ ಎಂದು ಇಟ್ಟುಕೊಂಡ.

ಕಾಪುವಿನಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ಮುಂದೆ ಓಡಿತ್ತು. ಮನೆಯ ಜಗಲಿ ತುಂಬ ಜನ. ಹೆಂಡತಿ ಪುಷ್ಪಾವತಿ ಕೈಕುರ್ಚಿಗೆ ಹಳೆಯ ಸೀರೆ ಹಾಸಿ ಗಂಡನನ್ನು ಕೂರಿಸಿದಳು. ದೂಮಪ್ಪ ಬಾಟ್ಲಿಯನ್ನು ಎದುರಿನ ಸ್ಟೂಲಿನ ಮೇಲೆ, ಸರಿಯಾಗಿ ಬಿಸಿಲು ಬೀಳುವ ಕಡೆ ಇಟ್ಟ.

ಜಗಲಿಯಲ್ಲಿದ್ದವರೆಲ್ಲ ಕುತ್ತಿಗೆ ಚಾಚಿದರು. ಬಿಸಿಲಿಗೆ ಕಲ್ಲುಗಳು ಹಸುರು ಬೆಳಕು ಕಾರಿದವು.

ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಕುಂಞಿ ಮೊಹಮ್ಮದ್ ಮೊದಲು ಬಾಯಿ ಬಿಟ್ಟರು. ದೂಮಪ್ಪನ ಪಕ್ಕದ ಅಂಗಡಿ ಅವರದೇ. "ದೂಮಣ್ಣ, ಅಲ್ಲಿ ನಾನು ಮುತ್ತು ನೋಡಿದ್ದೇನೆ. ಅರಬಿಗಳು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆದರೆ ಅದನ್ನು ಮಾಡುವುದು ಚಿಪ್ಪು. ಇದನ್ನು ಮಾಡಿದ್ದು ನಮ್ಮ ಊರಿನ ಮನುಷ್ಯ! ದೇವರ ಕುದ್ರತ್, ದೇವರ ಶಕ್ತಿ ಅಂದರೆ ಇದು ಅಲ್ವಾ?"

"ಹೌದು ಕುಂಞಾಕ," ಎಂದ ದೂಮಪ್ಪ ವಿನಯದಿಂದ, ತನ್ನದೇನೂ ದೊಡ್ಡದಲ್ಲ ಎನ್ನುವ ಹಾಗೆ.

ಅಕ್ಕು ದೊಡ್ಡಮ್ಮ ಬಾಟ್ಲಿಯನ್ನು ಕಣ್ಣಿಗೆ ಒತ್ತಿಕೊಂಡೇ ನೋಡಿದಳು. ಅಲ್ಲಾಡಿಸಿದಳು. ಒಳಗೆ ಕಟಕಟ ಶಬ್ದವಾಯಿತು. ಅವಳ ಮುಖದ ಗರ್ವ ಇಳಿದುಹೋಯಿತು.

"ತಪ್ಪಾಯಿತು ಮಗಾ. ಇದು ಗ್ಯಾಸು ಅಲ್ಲ," ಎಂದಳು. ಅಕ್ಕು ದೊಡ್ಡಮ್ಮ ತಪ್ಪಾಯಿತು ಎಂದದ್ದನ್ನು ಆ ಊರು ಅಲ್ಲಿಯವರೆಗೆ ಕೇಳಿರಲಿಲ್ಲ. ವಾಸು ಕಂಬಕ್ಕೆ ಒರಗಿ ನಿಂತವನು ಮೂಗು ಒರೆಸಿಕೊಂಡು, "ಭಾವ, ಇಷ್ಟು ವರ್ಷ ಇದನ್ನೆಲ್ಲ ಹೊತ್ತುಕೊಂಡು ಒಬ್ಬರೇ ನರಳಿದಿರಲ್ಲ. ನಾನೂ ನಂಬಲಿಲ್ಲ," ಎಂದ. ದೂಮಪ್ಪನಿಗೆ ಇದೊಂದು ಮಾತಿಗಾಗಿ ಬೇಕಾದರೆ ಇನ್ನೊಂದು ಸಲ ಹೊಟ್ಟೆ ಕೊಯ್ಸಿಕೊಳ್ಳಬಹುದು ಅನ್ನಿಸಿತು. ದಿಂಬನ್ನು ಒತ್ತಿ ಹಿಡಿದು ಹಾಯಾಗಿ ಅತ್ತ.

ಆಗ ಗುಂಪನ್ನು ಸರಿಸಿಕೊಂಡು ಬಂದವನು ದೋಣಿಯ ಮುಖ್ಯಸ್ಥ ಕಿಟ್ಟ. ದೂಮಪ್ಪನನ್ನು ಹೆಚ್ಚು ಗೇಲಿ ಮಾಡಿದವನೂ ಅವನೇ. ಬಾಟ್ಲಿಯ ಎದುರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎದ್ದು ನಿಂತ.

"ಇಂಥ ಭಾರ ಹೊಟ್ಟೆಯಲ್ಲಿ ಇಟ್ಟುಕೊಂಡು ಅಂಗಡಿ ನಡೆಸಿದವನು ಸಾಮಾನ್ಯ ಗಂಡಸು ಅಲ್ಲ. ಇವತ್ತು ದೋಣಿಯ ಹಗ್ಗಕ್ಕೆ ಮೊದಲ ಕೈ ದೂಮಪ್ಪನದ್ದು!"

"ಭಾರ ಎತ್ತಬಾರದು ಅಂತ ಡಾಕ್ಟರು..." ಎಂದಳು ಪುಷ್ಪಾವತಿ.

"ಎತ್ತುವುದೂ ಬೇಡ, ಎಳೆಯುವುದೂ ಬೇಡ ಅಕ್ಕ. ಬರೀ ಮುಟ್ಟಿದರೆ ಸಾಕು. ಕುರ್ಚಿ ಸಮೇತ ನಾವೇ ಹೊತ್ತುಕೊಂಡು ಹೋಗುತ್ತೇವೆ, ಹೊತ್ತುಕೊಂಡೇ ತರುತ್ತೇವೆ. ನೀರು ಏರುತ್ತಾ ಉಂಟು, ಬೇಗ ಆಗಲಿ."

ದೂಮಪ್ಪನ ಎದೆ ಉಬ್ಬಿತು. ಊರಿಗೆ ಊರೇ ಕಾಯುತ್ತಿರುವಾಗ ತಾನು ಕುರ್ಚಿಯಲ್ಲಿ ಬರುವುದು, ಕೈ ಚಾಚಿ ಹಗ್ಗ ಮುಟ್ಟುವುದು, ದೋಣಿ ಅಲುಗುವುದು! ಜನ್ಮ ಸಾರ್ಥಕ. "ಒಂದು ನಿಮಿಷ, ಒಳ್ಳೆಯ ಅಂಗಿ ಹಾಕಿಕೊಂಡು ಬರುತ್ತೇನೆ," ಎಂದು ಹುರುಪಿನಿಂದ ಎದ್ದೇಬಿಟ್ಟ. ದಿಂಬು ಮಡಿಲಿನಿಂದ ಕೆಳಗೆ ಬಿತ್ತು, ಅದನ್ನು ಹಿಡಿಯಲು ಗಬಕ್ಕನೆ ಬಗ್ಗಿದ.

"ಅಯ್ಯಯ್ಯೋ! ಸತ್ತೆ! ಹೊಟ್ಟೆ, ಹೊಟ್ಟೆ!"

ಹೊಲಿಗೆ ಚುರ್ರೆಂದು ಎಳೆದ ನೋವು ಅದು. ದೂಮಪ್ಪ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದ. ಹೊರಳಾಡಿದ ರೀತಿಯೂ ಹಿಂದಿನ ವರ್ಷಗಳದ್ದೇ.

ಯಾರೂ ಹತ್ತಿರ ಬರಲಿಲ್ಲ. ಎಲ್ಲರೂ ಮೊದಲು ದೂಮಪ್ಪನನ್ನು ನೋಡಿದರು. ಆಮೇಲೆ ಬಾಟ್ಲಿಯನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕು ದೊಡ್ಡಮ್ಮ ಬಾಟ್ಲಿಯನ್ನು ಎತ್ತಿ ಹಿಡಿದಳು. "ದೂಮಪ್ಪ, ಕಲ್ಲು ಇಲ್ಲಿ ಉಂಟು. ಎಲ್ಲರೂ ಕಣ್ಣಾರೆ ನೋಡಿದ್ದೇವೆ. ಮತ್ತೆ ನಿನಗೆ ನೋವು ಎಲ್ಲಿಂದ ಬಂತು?"

"ಹೊಲಿಗೆ ದೊಡ್ಡಮ್ಮ, ಹೊಲಿಗೆ! ಹೊಟ್ಟೆ ಕೊಯ್ದು ಹೊಲಿದಿದ್ದಾರೆ!" ದೂಮಪ್ಪ ಅಂಗಿ ಎತ್ತಿ ತೋರಿಸಿದ.

ಕಿಟ್ಟ ಬಗ್ಗಿ ನೋಡಿದ. ಜೀವಮಾನವೆಲ್ಲ ಬಲೆ ಹೊಲಿದ ಕಣ್ಣು ಅದು. "ಆಹಾ! ಏನು ಕೈ ಮಾರಾಯ ಆ ಡಾಕ್ಟರದ್ದು! ಒಂದು ಗಂಟೂ ಆಚೀಚೆ ಇಲ್ಲ," ಎಂದು ಮೆಚ್ಚಿದ. ಆಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತ. "ಆದರೆ ನನ್ನ ಹತ್ತಿರ ಇದೆಲ್ಲ ಬೇಡ. ಬಲೆಯಲ್ಲಿ ಹೊಲಿದ ಜಾಗವೇ ಎಲ್ಲಕ್ಕಿಂತ ಗಟ್ಟಿ. ಹೊಲಿದ ಬಲೆ ಬೊಬ್ಬೆ ಹೊಡೆದದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ."

"ಬಲೆಗೆ ಜೀವ ಉಂಟಾ ಕಿಟ್ಟಣ್ಣ?" ದೂಮಪ್ಪ ಗೋಗರೆದ.

"ಮುಟ್ಟಲಿಕ್ಕೆ ಹೇಳಿದ್ದು ಭಾವ," ವಾಸುವಿನ ಸ್ವರ ಒಡೆದುಹೋಗಿತ್ತು. "ಎಳೆಯಲಿಕ್ಕೆ ಅಲ್ಲ, ಬರೀ ಮುಟ್ಟಲಿಕ್ಕೆ. ಅದಕ್ಕೂ ನೋವು ಬಂತಾ?"

"ಬರುತ್ತೇನೆ ವಾಸು, ದಿಂಬು ಒಂದು ಕೊಡು, ಈಗ ಬರುತ್ತೇನೆ!"

ಯಾರೂ ಕೇಳಿಸಿಕೊಳ್ಳಲಿಲ್ಲ. ಕಡಲ ಕಡೆಯಿಂದ ಕೂಗು ಬಂತು, ನೀರು ಏರಿತ್ತು. ಮೊದಲ ಕೈ ಎಂದು ಊರಿಗೆಲ್ಲ ಹೇಳಿಯಾಗಿದೆ, ಬರಿಗೈಯಲ್ಲಿ ಹೋಗುವುದು ಹೇಗೆ? ಕಿಟ್ಟ ಒಂದು ಗಳಿಗೆ ಯೋಚಿಸಿ ದೂಮಪ್ಪನ ಕಂಕುಳಿಗೆ ಕೈ ಹಾಕಿ, ಮೆಲ್ಲಗೆ ಎಬ್ಬಿಸಿ ಚಾಪೆಯಲ್ಲಿ ಮಲಗಿಸಿದ. ಖಾಲಿಯಾದ ಕುರ್ಚಿಯ ಮೇಲೆ ಬಾಟ್ಲಿಯನ್ನು ಇಟ್ಟ. ಕುಂಞಿ ಮೊಹಮ್ಮದ್ ಅದು ಬೀಳದ ಹಾಗೆ ತಮ್ಮ ಫಾರಿನ್ ಕರ್ಚೀಫಿನಿಂದ ಕಟ್ಟಿದರು. ಕುರ್ಚಿ ಹೆಗಲೇರಿತು. ಹೆಂಗಸರು, ಮುದುಕರು, ಆಚೆ ಈಚೆ ಮನೆಯವರು, ಎಲ್ಲರೂ ಅದರ ಹಿಂದೆ ಹೊರಟರು. "ಈಗ ಬರುತ್ತೇನೆ," ಎಂದು ಪುಷ್ಪಾವತಿಯೂ ಸೆರಗು ಸರಿಮಾಡಿಕೊಂಡು ಓಡಿದಳು.

ಚಾಪೆಯಲ್ಲಿದ್ದ ದೂಮಪ್ಪ ಬಾಗಿಲಿನ ಸಂದಿನಲ್ಲಿ ನೋಡಿದ. ತೆಂಗಿನ ಮರಗಳ ನಡುವೆ ತನ್ನ ಕಲ್ಲುಗಳು ಜನರ ತಲೆಯ ಮೇಲೆ ಮಿಂಚುತ್ತ ಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ "ಐಲೇಸಾ" ಕೇಳಿಸಿತು. ಆಮೇಲೆ ದೊಡ್ಡ ಜಯಘೋಷ. ಬಾಟ್ಲಿಯನ್ನು ಹಗ್ಗಕ್ಕೆ ಮುಟ್ಟಿಸಿದ್ದೇ ತಡ, ದೋಣಿ ಹೂವಿನ ಹಾಗೆ ಮೇಲೆ ಬಂತಂತೆ.

ಜನ ಹಿಂದಿರುಗಿ ಅದೇ ದಾರಿಯಲ್ಲಿ ಹೋಗುತ್ತಿದ್ದರು. ದೂಮಪ್ಪ ಕಿವಿ ನಿಮಿರಿಸಿದ. ಬೇಲಿಯ ಆಚೆ ಅಕ್ಕು ದೊಡ್ಡಮ್ಮ ಕರುಳು ಕಿತ್ತು ಬರುವ ಹಾಗೆ ನಿಟ್ಟುಸಿರು ಬಿಡುತ್ತ ಯಾರಿಗೋ ಹೇಳುತ್ತಿದ್ದಳು:

"ಪಾಪ, ಎಂಥ ಒಳ್ಳೆಯ ಕಲ್ಲುಗಳು! ಅಂಥ ಸೋಮಾರಿಯ ಹೊಟ್ಟೆಯಲ್ಲಿ ಇಷ್ಟು ವರ್ಷ ಎಷ್ಟು ಕಷ್ಟಪಟ್ಟವೋ ಏನೋ!"