ಪೊನ್ಸಿಯಾನಾ ಅಜ್ಜಿಯ ಕತ್ತಾಳೆ ಹೂ ಬಿಟ್ಟ ದಿನ

ಹದಿನೈದು ದಿನಕ್ಕೊಮ್ಮೆ ನೀರು ಕುಡಿಯುವ ಗಿಡವನ್ನು ದಿನಾ ಹೋಗಿ ನೋಡುವುದೇನಿದೆ ಎಂದು ನಾಬೋರ್ ಸುಮ್ಮನಿದ್ದದ್ದೇ ತಪ್ಪಾಯಿತು. ಆ ಮಂಗಳವಾರ ಬೆಳಿಗ್ಗೆ ಚೊಂಬು ಹಿಡಿದು ಅಮ್ಮನ ಕಿಟಕಿಯ ಹೊರಗಿದ್ದ ಕತ್ತಾಳೆ ಕುಂಡದ ಹತ್ತಿರ ಹೋದವನು ಚೊಂಬನ್ನು ತನ್ನ ಕಾಲಿನ ಮೇಲೇ ಬೀಳಿಸಿಕೊಂಡ. ಗಿಡದ ನಟ್ಟನಡುವಿನಿಂದ ಮೊಳದುದ್ದದ ಹೂದಂಟು ಎದ್ದು ನಿಂತಿತ್ತು.

ಕತ್ತಾಳೆ ಹೂ ಬಿಟ್ಟರೆ ಅದರ ಕತೆ ಮುಗಿಯಿತು ಅಂತ ಆಪಾನ್ ಊರಿನಲ್ಲಿ ಕೂಸಿಗೂ ಗೊತ್ತು. ಜೀವಮಾನಕ್ಕೆ ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಒಣಗಿ ಸಾಯುತ್ತದೆ. ಗಿಡ ಸತ್ತರೆ ಸಾಯಲಿ, ನಾಬೋರನ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಅವನಮ್ಮ ಪೊನ್ಸಿಯಾನಾ ಅಜ್ಜಿಗೆ ತೊಂಬತ್ತೊಂದು ವರ್ಷ. ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. "ನಮ್ಮಜ್ಜಿ ಅವಳ ಕತ್ತಾಳೆ ಹೂ ಬಿಟ್ಟ ವಾರ ಹೋದ್ಳು, ನಮ್ಮಮ್ಮನೂ ಹಾಗೇ ಹೋದ್ಳು. ನನ್ನದು ಹೂ ಬಿಟ್ರೆ ನಾನೂ ಹೊರಟೆ ಅಂತ ತಿಳ್ಕೊ," ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಳು. ಹೇಳಿದ್ದನ್ನು ಮಾಡದೆ ಬಿಟ್ಟ ಹೆಂಗಸಲ್ಲ ಅವಳು.

ಅವಳು ಹೇಳಿದ ಇನ್ನೊಂದು ಮಾತೂ ಇತ್ತು. "ನಾನಿರೋವರೆಗೂ ಈ ಮನೆಗೆ ಸೊಸೆ ಬರಕೂಡದು." ಹೀಗಾಗಿ ಕ್ಷೌರಿಕ ನಾಬೋರನಿಗೆ ಐವತ್ತಾರು ತುಂಬಿದರೂ ಮದುವೆಯಾಗಿರಲಿಲ್ಲ. ಮೂರನೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಒದೀಲಿಯಾ ಅವನಿಗಾಗಿ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದಳು.

ಈ ಲೆಕ್ಕವನ್ನು ನಾಬೋರನಿಗಿಂತ ಮೊದಲು ಹಾಕಿ ಮುಗಿಸಿದವಳು ಪಕ್ಕದ ಮನೆಯ ಕ್ರಿಸಾಂತಾ. ಪೊರಕೆ ಹಿಡಿದುಕೊಂಡೇ ಓಡಿಬಂದಳು.

"ಅಯ್ಯೋ ದೇವರೇ! ಕೊನೆಗೂ ನಿನ್ನ ಕಾಲ ಬಂತಲ್ಲೋ ನಾಬೋರ್! ಅಂದ್ರೆ, ದುಃಖದ ವಿಷಯಾನೇ, ಇಲ್ಲ ಅನ್ನಲ್ಲ. ಮದುವೆಗೆ ಕುರಿ ಒಂದೋ ಎರಡೋ?"

"ಬಾಯಿ ಮುಚ್ಚು ಕ್ರಿಸಾಂತಕ್ಕ! ಒಳಗೆ ಅಮ್ಮನಿಗೆ ಕೇಳ್ಸುತ್ತೆ."

ಸುಳ್ಳು ಯಾಕೆ ಹೇಳಬೇಕು, ನಾಬೋರನಿಗೂ ಒಂದು ಗಳಿಗೆ ಆ ಯೋಚನೆ ಬಂದಿತ್ತು. ಸುಮ್ಮನೆ ಒಳಗೆ ಹೋಗಿ ಕಾಫಿ ಕುಡಿದರಾಯಿತು, ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಷ್ಟು ಕಾಟ ಕೊಟ್ಟರೂ ಅವಳು ಅಮ್ಮ. ಅವಳ ಕಣ್ಣು ಮಂಜು, ದಂಟು ಇನ್ನೂ ಕಂಡಿರಲಾರದು ಎಂದುಕೊಂಡು ಕುಂಡವನ್ನು ದರದರ ಎಳೆದು ಹಿತ್ತಲಿಗೆ ತಂದ. ಎಳೆಯುವಾಗ ಎಲೆಯಂಚಿನ ಒಂದು ಮುಳ್ಳು ತೊಡೆಗೆ ಇಳಿಯಿತು.

ಹಿತ್ತಲಲ್ಲಿ ಹಿಂದಿನ ಮನೆಯ ಕೂಕೊ ಅಜ್ಜ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ನಲವತ್ತು ವರ್ಷ ಕತ್ತಾಳೆಯಿಂದ ಹೆಂಡ ಇಳಿಸಿದ ಮನುಷ್ಯ.

"ದಂಟು ಕಡಿದ್ಬಿಟ್ರೆ ಉಳಿಯುತ್ತಾ ಅಜ್ಜ?"

"ಕಡಿ, ಯಾರು ಬೇಡ ಅಂದ್ರು? ನಾನು ಸಾವಿರಾರು ಕಡಿದಿದ್ದೀನಿ. ಒಂದಾದ್ರೂ ಉಳಿದಿದ್ರೆ ನನ್ನ ಹೆಸರು ಬದಲಾಯಿಸು." ಅಜ್ಜ ನಿಧಾನವಾಗಿ ಎದ್ದು ಕುಂಡದ ಅಂಚು ಕೆದಕಿದ. "ತಾಯಿ ಹೋದ್ರೇನು, ಮರಿ ಇದಾವಲ್ಲ. ತಾಯಿಗೂ ಮರಿಗೂ ಎಲೆಯಲ್ಲಿ ಒಂದು ಗೆರೆ ವ್ಯತ್ಯಾಸ ಇರಲ್ಲ."

ಆಗ ನಾಬೋರನ ತಲೆ ಕೆಲಸ ಮಾಡಿತು. ಕ್ರಿಸಾಂತಾ ಒಂಬತ್ತು ವರ್ಷದ ಹಿಂದೆ ಇದೇ ಗಿಡದ ಒಂದು ಮರಿ ಕಿತ್ತುಕೊಂಡು ಹೋಗಿದ್ದಳು. ಅದು ಈಗ ಅವಳ ಅಂಗಳದಲ್ಲಿ ತಾಯಿಯಷ್ಟೇ ಎತ್ತರ ಬೆಳೆದಿತ್ತು. ಅದನ್ನು ತಂದು ಅಮ್ಮನ ಕುಂಡದಲ್ಲಿ ನೆಟ್ಟರೆ ಯಾರಪ್ಪನಿಗೆ ಗೊತ್ತಾಗುತ್ತೆ?

ಕ್ರಿಸಾಂತಾಳ ಅಂಗಳಕ್ಕೆ ಹೋಗಿ ಗಂಟೆಗಟ್ಟಲೆ ಗೋಗರೆದ. "ಕೊಡ್ತೀನಪ್ಪ. ಅದರ ಬದಲಿಗೆ ನಿನ್ನ ಗಿಡದ ಐದು ಮರಿನೂ ನನಗೇ ಬೇಕು. ಇವತ್ತೇ ಬೇಕು," ಅಂದಳು.

ಸರಿ, ಮರಿ ಬಿಡಿಸಲು ಕೂತ. ಅಲ್ಲಿಗೆ ಊರೇ ಸಲಹೆ ಕೊಡಲು ನೆರೆಯಿತು. ಬುಡದಲ್ಲೇ ಕತ್ತರಿಸು ಅಂದಳು ಒಬ್ಬಳು, ಬೇರು ಸಮೇತ ಎಳಿ ಅಂದಳು ಇನ್ನೊಬ್ಬಳು. ಮನೆಯಲ್ಲಿ ಬೇರೆ ಚಾಕು ಸಿಗದೆ ತನ್ನ ಕ್ಷೌರದ ಕತ್ತಿಯನ್ನೇ ತಂದು, ಗಿರಾಕಿಯ ಕುತ್ತಿಗೆಯ ಹತ್ತಿರ ಆಡಿಸುವಷ್ಟೇ ಜೋಪಾನವಾಗಿ ತಾಯಿಗೂ ಮರಿಗೂ ನಡುವಿನ ಬಳ್ಳಿ ಕೊಯ್ದ. ಮೂರನೇ ಮರಿಗೆ ಕತ್ತಿಯ ಬಾಯಿ ಮುರಿಯಿತು. ನಾಲ್ಕನೆಯದಕ್ಕೆ ಕತ್ತಾಳೆಯ ರಸ ಮೊಳಕೈವರೆಗೆ ಇಳಿದು ಕೈಯೆಲ್ಲ ಬೊಬ್ಬೆ ಎದ್ದು ಉರಿಯಿತು.

"ಇವಕ್ಕೆ ಈಗಲೇ ನೀರು ಹಾಕ್ಲಾ?" ಎಂದು ಕ್ರಿಸಾಂತಾ ತಂಬಿಗೆ ಎತ್ತಿದಳು.

"ಹಾಕಿ ಕೊಲ್ಲು!" ಎಂದು ಕೂಕೊ ಅಜ್ಜ ಗದರಿದ. "ಗಾಯ ಒಣಗಲಿ. ನಾಲ್ಕು ದಿನ ನೆರಳಲ್ಲಿ ಸುಮ್ನೆ ಬಿಸಾಕು. ಆಮೇಲೆ ಒಣ ಮಣ್ಣಲ್ಲಿ ನೆಡು. ಮತ್ತೊಂದು ವಾರ ನೀರಿನ ಹೆಸರೇ ಎತ್ತಬೇಡ."

ಅಷ್ಟರಲ್ಲಿ ಬೀದಿಯ ಹೆಂಗಸರು ಸಾವಿನ ಮನೆಗೆ ಒಯ್ಯುವಂತೆ ಸಕ್ಕರೆ, ಕಾಫಿಪುಡಿ ತಂದು ಬಾಗಿಲಲ್ಲಿ ಇಡತೊಡಗಿದರು. ಶವಪೆಟ್ಟಿಗೆ ಮಾಡುವ ಬಡಗಿ ಟೇಪು ಹಿಡಿದುಕೊಂಡು ಬಂದ. "ಅವಸರ ಏನಿಲ್ಲಪ್ಪ. ಅಮ್ಮ ಎಷ್ಟುದ್ದ ಇದ್ದಾರೆ ಅಂತ ಅಂದಾಜಿಗೆ ಕೇಳಿದೆ." ನಾಬೋರ್ ಮುರಿದ ಕತ್ತಿ ಎತ್ತಿಕೊಂಡು ಎದ್ದು ನಿಂತ ಮೇಲೆ ಅವನು ಹೊರಟುಹೋದ.

ಅದೇ ಹೊತ್ತಿಗೆ ಒದೀಲಿಯಾ ಬಂದಳು. ತಲೆ, ಕಿವಿ ಮುಚ್ಚುವಂತೆ ಶಾಲು ಹೊದ್ದಿದ್ದಳು, ಕಣ್ಣು ಕೆಂಪಾಗಿತ್ತು.

"ನಾಬೋರ್, ನಿನ್ಹತ್ರ ಒಂದು ಮಾತು ಹೇಳ್ಬೇಕು."

"ಹತ್ತಿರ ಬರಬೇಡ! ರಸ ತಾಗಿದ್ರೆ ನಿನಗೂ ಉರಿಯುತ್ತೆ. ಏನಿದ್ರೂ ಸಂಜೆ ಮಾತಾಡೋಣ."

ಅವಳು ಬೇರು ಮೇಲಾಗಿ ಬಿದ್ದಿದ್ದ ದೊಡ್ಡ ಗಿಡವನ್ನು ನೋಡಿದಳು, ದಂಟನ್ನು ನೋಡಿದಳು. "ಆಗಲಿ. ಹತ್ತೊಂಬತ್ತು ವರ್ಷ ಕಾದವಳಿಗೆ ಸಂಜೆವರೆಗೆ ಏನು ಮಹಾ," ಎಂದು ನಕ್ಕು ಹೋದಳು. ಅವಳು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು ಅಂತ ನಾಬೋರನಿಗೆ ಆಮೇಲೆ ಹೊಳೆಯಿತು.

ಅಜ್ಜಿ ಮಧ್ಯಾಹ್ನ ನಿದ್ದೆ ಹೋದಾಗ ಹೊಸ ಗಿಡ ಹಳೇ ಕುಂಡಕ್ಕೆ ಇಳಿದು ಕಿಟಕಿಯ ಹೊರಗೆ ಬಂತು. ಯಾರ ಕಣ್ಣಿಗೂ ಚುಚ್ಚದಿರಲಿ ಎಂದು ಅಜ್ಜಿ ಹಾಸಿಗೆ ಹಿಡಿಯುವ ಮೊದಲು ಹಳೇ ಗಿಡದ ಪ್ರತಿ ಎಲೆಯ ತುದಿಮುಳ್ಳಿಗೂ ಮೊಟ್ಟೆಯ ಚಿಪ್ಪು ಸಿಕ್ಕಿಸಿಟ್ಟಿದ್ದಳು. ಅವನ್ನೆಲ್ಲ ಒಂದೊಂದಾಗಿ ಬಿಡಿಸಿ ಇದಕ್ಕೆ ತೊಡಿಸಿದ. ಹೊಸದರಲ್ಲಿ ನಾಲ್ಕು ಎಲೆ ಹೆಚ್ಚು. ನಾಲ್ಕು ಮೊಟ್ಟೆ ಒಡೆದು, ಕ್ರಿಸಾಂತಾ ಹುರಿದುಕೊಟ್ಟದ್ದನ್ನು ದಂಡ ಮಾಡಬಾರದೆಂದು ತಾನೇ ತಿಂದ. ಹಳೇ ಗಿಡವನ್ನು ಕೂಕೊ ಅಜ್ಜನ ಹಂದಿಗೂಡಿನ ಹಿಂದೆ ಬಚ್ಚಿಟ್ಟ. ಅಮ್ಮನನ್ನು ಉಳಿಸಿದೆ ಅಂತ ಅವನ ಎದೆ ತುಂಬಿಬಂತು.

ಸಂಜೆ ಸಾರಿನ ಬಟ್ಟಲು ಹಿಡಿದು ಒಳಗೆ ಹೋದ. ಅಜ್ಜಿ ಎದ್ದು ದಿಂಬಿಗೆ ಒರಗಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು.

"ದಂಟು ಎಲ್ಲೋ?"

"ಯಾವ ದಂಟಮ್ಮ?"

"ನಾಲ್ಕು ದಿನದ ಹಿಂದೇ ಕಂಡೆ ಕಣೋ. ನೀನು ಅಳುಮುಂಜಿ ಅಂತ ಹೇಳ್ಲಿಲ್ಲ." ಅಜ್ಜಿ ಬಟ್ಟಲು ತೆಗೆದುಕೊಂಡಳು. "ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ? ಭಾನುವಾರ ಪಾದ್ರಿ ಬಂದಾಗ ಪಾಪ ಎಲ್ಲಾ ಒಪ್ಕೊಂಡೆ. ಇವತ್ತು ಬೆಳಿಗ್ಗೆ ನೀನು ಕ್ರಿಸಾಂತಾ ಜೊತೆ ವಾದ ಮಾಡ್ತಿದ್ದಾಗ, ರೊಟ್ಟಿ ಮಾರೋಳ ಕೈಲಿ ಹೇಳಿಕಳಿಸಿ ಒದೀಲಿಯಾನ ಕರೆಸಿದೆ."

ನಾಬೋರನ ಕೈ ಉರಿಯುವುದು ಒಮ್ಮೆಗೇ ನಿಂತಂತಾಯಿತು.

"ನನ್ನ ಚಿನ್ನದ ಓಲೆ ನಾನೇ ಅವಳ ಕಿವಿಗೆ ಹಾಕಿದೆ. ನಾನು ಸತ್ತ ಮೇಲಿನ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮಾರನೇ ದಿನವೇ ಮದುವೆ ಮಾಡ್ಕೊಳ್ಳಿ ಅಂತ ಹರಸಿದೆ. ಅತ್ತುಬಿಟ್ಳು, ಪಾಪ." ಅಜ್ಜಿ ಬಟ್ಟಲು ಬರಿದು ಮಾಡಿದಳು. "ಈಗ ನೋಡು, ದೇವರು ದಂಟು ವಾಪಸ್ ತಗೊಂಡುಬಿಟ್ಟ! ಇನ್ನು ಇಪ್ಪತ್ತು ವರ್ಷ ನನ್ನ ಕರೆಯಲ್ಲ ಅಂತಾಯ್ತು. ಮೊದಲು ಇನ್ನೊಂದು ಬಟ್ಟಲು ಸಾರು ಹಾಕು, ಹಸಿವು ಶುರುವಾಗಿದೆ. ಆಮೇಲೆ ಹೋಗಿ ಓಲೆ ಇಸ್ಕೊಂಡು ಬಾ."

ಅಮ್ಮ, ಅದು ನಿನ್ನ ಗಿಡ ಅಲ್ಲ. ಅಷ್ಟೇ ಹೇಳಿದರೆ ಸಾಕಿತ್ತು. ನಾಬೋರ್ ಬಾಯಿ ತೆರೆದ. ಅಮ್ಮನ ಕೆನ್ನೆಯಲ್ಲಿ ಮೂರು ವರ್ಷದಿಂದ ಕಾಣದಿದ್ದ ಕೆಂಪು ಕಂಡಿತು. ಬಾಯಿ ಮುಚ್ಚಿಕೊಂಡು ಸಾರು ಬಡಿಸಿದ.

ಒದೀಲಿಯಾಳ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಕರಿ ಬಟ್ಟೆಯಿತ್ತು, ಪಕ್ಕದ ಕುರ್ಚಿಯ ಮೇಲೆ ಬಿಳಿ ಬಟ್ಟೆ ಮಡಿಸಿಟ್ಟಿತ್ತು. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಅವಳು ಎದ್ದು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಹೋಗ್ಬಿಟ್ರಾ?"

"ಇಲ್ಲ. ಎರಡನೇ ಬಟ್ಟಲು ಸಾರು ಕುಡೀತಿದ್ದಾಳೆ."

ಒದೀಲಿಯಾ ಅವನ ಊದಿಕೊಂಡ ಕೈಗಳನ್ನು ನೋಡಿದಳು. ಎರಡೂ ಕೈ ಕಿವಿಗೆ ಒಯ್ದು ಓಲೆ ಬಿಚ್ಚತೊಡಗಿದಳು.